ಗೋಡೆಯಾಚೆಯ ಫೋನು

ನನ್ನ ವಾರಗಿತ್ತಿ ನನ್ನಿಂದ ಅಡಗಿಕೊಂಡಿರಲಿಲ್ಲ. ಅಡಗಿದ್ದು ಅವಳ ಫೋನು. ಆದದ್ದು ಇಷ್ಟೇ. ಯಾರನ್ನಾದರೂ ಬಾಯಿಬಿಟ್ಟು ಕೇಳಿದ್ದರೆ ಅರೆಗಳಿಗೆಯಲ್ಲಿ ಮುಗಿಯುತ್ತಿತ್ತು. ನಾನು ಮನುಷ್ಯರನ್ನು ಕೇಳಲಿಲ್ಲ, ಕಂಪ್ಯೂಟರನ್ನು ಕೇಳುತ್ತಾ ಕುಳಿತೆ.

ಲಷ್ಕರ್ ಮೊಹಲ್ಲಾದ ನಮ್ಮ ಮನೆ ಮೊದಲು ಒಂದೇ ಮನೆಯಾಗಿತ್ತು. ನನ್ನ ಯಜಮಾನರಿಗೂ ಅವರ ಅಣ್ಣನಿಗೂ ಸೇರಿ ಹಗ್ಗ, ಗೋಣಿಚೀಲದ ಅಂಗಡಿ. ತೊಂಬತ್ತರ ಆಸುಪಾಸಿನಲ್ಲಿ ಅಂಗಡಿಯ ವಿಷಯಕ್ಕೆ ಅಣ್ಣತಮ್ಮಂದಿರ ನಡುವೆ ಮಾತಿಗೆ ಮಾತು ಬೆಳೆಯಿತು. ಅಂಗಡಿ ಎರಡಾಯಿತು. ಆಮೇಲೆ ನಡುಮನೆಯ ಮಧ್ಯಕ್ಕೇ ಗೋಡೆ ಎದ್ದಿತು. ಗಾರೆಯವರು ಗೋಡೆ ಕಟ್ಟುವಾಗ ನಾನು ಈ ಕಡೆ ಅಕ್ಕಿ ಆರಿಸುತ್ತಿದ್ದೆ, ಅವಳು ಆ ಕಡೆ ಬತ್ತಿ ಹೊಸೆಯುತ್ತಿದ್ದಳು. ಇಟ್ಟಿಗೆ ಸೊಂಟದ ಮಟ್ಟಕ್ಕೆ ಬಂದಾಗಲೂ ಎದ್ದು ನಿಂತರೆ ಅವಳ ಮುಖ ಕಾಣುತ್ತಿತ್ತು. ಗಾರೆಯವರು ಊಟ ಮಾಡಿ ಬಂದು ಇನ್ನಷ್ಟು ಎತ್ತಿದರು, ಮುಗಿಯಿತು. ಗಡಿಯಾರ ನಮ್ಮ ಕಡೆಗೆ ಬಂತು, ರೇಡಿಯೊ ಅವರ ಕಡೆಗೆ ಹೋಯಿತು.

ನಮ್ಮಿಬ್ಬರಿಗೆ ಜಗಳವೇ ಇರಲಿಲ್ಲ. ಗಂಡಂದಿರು ಮಾತು ಬಿಟ್ಟರು, ಹೆಂಗಸರೂ ಬಿಡಬೇಕು ಎನ್ನುವುದು ಆಗಿನ ರೂಢಿ, ಬಿಟ್ಟೆವು. ಕೆಲವು ವರ್ಷಗಳಲ್ಲಿ ಗಂಡಸರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಜಗಳ ಆಡಿದವರು ಹೋದರು, ಮಾತು ಬಿಟ್ಟವರು ಉಳಿದೆವು. ಅವಳ ಗಂಡ ಹೋದಾಗ ನಾನು ಹೋಗಿ ಕುಳಿತು ಎದ್ದು ಬಂದೆ. ನನ್ನ ಗಂಡ ಹೋದಾಗ ಅವಳೂ ಬಂದು ಕುಳಿತು ಎದ್ದುಹೋದಳು. ಸಾವಿನ ಮನೆಯಲ್ಲಿ ಮಾತಾಡದಿದ್ದರೂ ನಡೆಯುತ್ತದೆ.

ಆಮೇಲಾದರೂ ಮಾತಾಡಬಹುದಿತ್ತಲ್ಲ ಎಂದು ಕೇಳುವವರಿಗೆ ನಮ್ಮ ತೊಡಕು ಗೊತ್ತಿಲ್ಲ. ಅವಳು ಅಣ್ಣನ ಹೆಂಡತಿ, ಹಾಗಾಗಿ ಸ್ಥಾನದಲ್ಲಿ ನನಗಿಂತ ದೊಡ್ಡವಳು. ಆದರೆ ಭಾವನವರ ಮೊದಲ ಹೆಂಡತಿ ಸತ್ತ ಮೇಲೆ ಮದುವೆಯಾಗಿ ಬಂದವಳು, ಹಾಗಾಗಿ ವಯಸ್ಸಿನಲ್ಲಿ ನಾನು ದೊಡ್ಡವಳು. ಆ ಮನೆಗೆ ಕಾಲಿಟ್ಟವಳೂ ನಾನೇ ಮೊದಲು. ಅತ್ತೆಯ ಎದುರಿಗೆ ನಾನು ಅವಳನ್ನು ಅಕ್ಕ ಅನ್ನಬೇಕಿತ್ತು. ಅತ್ತೆ ಹಿತ್ತಲಿಗೆ ಹೋದರೆ ಅವಳು ನನ್ನನ್ನು ಅಕ್ಕ ಅನ್ನುತ್ತಿದ್ದಳು. ಚಿಕ್ಕವರು ದೊಡ್ಡವರ ಹತ್ತಿರ ಬಂದು ಮಾತಾಡಿಸಬೇಕು, ಅದು ಸರಿ. ಇಬ್ಬರಲ್ಲಿ ಚಿಕ್ಕವರು ಯಾರು? ನಾನು ಅವಳು ಬರಲಿ ಎಂದು ಕಾದೆ. ಅವಳೂ ಹಾಗೇ ಕಾದಿರಬೇಕು.

ಒಂದು ಕೆಲಸ ಮಾತ್ರ ಗೋಡೆ ಎದ್ದ ಮೇಲೆ ನಾನು ಪೂರ್ತಿ ಬಿಟ್ಟೆ. ಅವರೆ ಹಿಚುಕುವುದು. ಚಳಿಗಾಲದಲ್ಲಿ ಅವರೆಕಾಯಿ ಬಂದರೆ ಕಾಳು ಬಿಡಿಸಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಇಬ್ಬರೂ ತಪ್ಪಲೆಯ ಆಚೆಗೊಬ್ಬರು ಈಚೆಗೊಬ್ಬರು ಕುಳಿತು ಹಿಚುಕುತ್ತಿದ್ದೆವು. ಕಾಳು ಹಾರಿ ಅವಳ ಮಡಿಲಿಗೆ ಬಿದ್ದರೆ ಅವಳದು, ನನ್ನ ಮಡಿಲಿಗೆ ಬಿದ್ದರೆ ನನ್ನದು ಎಂದು ಹಸಿಯಾಗಿಯೇ ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ಒಬ್ಬಳೇ ಕುಳಿತು ಅಷ್ಟು ಕಾಳು ಹಿಚುಕುವುದಕ್ಕೆ ಬೆನ್ನು ನೋವು, ಬೇಸರ. ಕಾಳಿನ ಸಾರು ಮಾಡಿ ಮುಗಿಸುತ್ತಿದ್ದೆ.

ಈಗ ಕಂಪ್ಯೂಟರಿನ ವಿಷಯ. ಮೊಮ್ಮಗಳು ಕಾಲೇಜಿಗೆ ಸೇರಿದಾಗ ಮಗ ತಂದುಕೊಟ್ಟ. ಪ್ಲಗ್ ಇದ್ದದ್ದು ಆ ನಡುಗೋಡೆಯಲ್ಲಿ, ಹಾಗಾಗಿ ಮೇಜೂ ಗೋಡೆಗೆ ಒತ್ತಿಕೊಂಡೇ ಕುಳಿತಿತು. ನನ್ನ ಹಳೇ ಸೀರೆಯಲ್ಲಿ ಅದಕ್ಕೊಂದು ಹೊದಿಕೆ ಹೊಲಿದುಕೊಟ್ಟೆ. ಬೆಳಿಗ್ಗೆ ಮಗ ಅಂಗಡಿಗೆ, ಸೊಸೆ ಒಂಟಿಕೊಪ್ಪಲಿನ ಸ್ಕೂಲಿಗೆ ಪಾಠ ಹೇಳಲು, ಮೊಮ್ಮಗಳು ಕಾಲೇಜಿಗೆ. ಸಂಜೆಯವರೆಗೆ ಮನೆಯಲ್ಲಿ ನಾನು, ಗಡಿಯಾರ, ಸೀರೆ ಉಟ್ಟ ಕಂಪ್ಯೂಟರು.

ಒಂದು ದಿನ ಮೊಮ್ಮಗಳು ಬೆರಳ ತುದಿಯಷ್ಟು ಒಂದು ಕಡ್ಡಿ ತಂದು ಕಂಪ್ಯೂಟರಿನ ಡಬ್ಬಕ್ಕೆ ಚುಚ್ಚಿದಳು.

"ಏನೇ ಅದು?"

"ಬ್ಲೂಟೂತ್ ಅಜ್ಜಿ. ಇದ್ರೊಳಗೆ ರೇಡಿಯೊ ಇದೆ. ತಂತಿ ಇಲ್ದೇನೇ ಫೋನಿಗೆ ಹಾಡು ಹೋಗುತ್ತೆ."

"ರೇಡಿಯೊ ಅಂತೀಯ, ಹಾಡಲ್ವಲ್ಲ."

"ಹಾಡೋ ರೇಡಿಯೊ ಅಲ್ಲ ಕಣಜ್ಜಿ ಇದು."

ಹಾಡದ ರೇಡಿಯೊ ಯಾತಕ್ಕೆ ಎಂದುಕೊಂಡೆ. ಹಾಡುವ ರೇಡಿಯೊ ಗೋಡೆಯ ಆಚೆ ಇತ್ತು. ಅದರ ಸದ್ದು ವರ್ಷದಿಂದ ವರ್ಷಕ್ಕೆ ಜೋರಾಗುತ್ತಿತ್ತು. ಬೆಳಗಿನ ಭಕ್ತಿಗೀತೆ ನಮ್ಮ ಮನೆಯ ಪಾತ್ರೆಗಳನ್ನು ಅದುರಿಸುವಷ್ಟು. ನನಗೆ ಕೇಳಲಿ ಎಂದೇ ಹಠಕ್ಕೆ ಹಾಕುತ್ತಾಳೆ ಎಂದುಕೊಂಡಿದ್ದೆ.

ಕಡ್ಡಿ ಬಂದ ವಾರದಲ್ಲೇ ಕಂಪ್ಯೂಟರಿಗೆ ಏನೋ ಸೇರಿಕೊಂಡು ಪರದೆ ಕಪ್ಪಾಯಿತು. ರಿಪೇರಿಯವರು ವೈರಸ್ ಅಂದರು. ಮಗ ರೇಗಿದ.

"ಆ ಬ್ಲೂಟೂತ್ ಯಾರು ಆನ್ ಮಾಡಿಟ್ಟು ಹೋಗೋದು? ಬೀದೀಲಿರೋದೆಲ್ಲ ಒಳಗ್ ಬರ್ಲಿ ಅಂತ ಬಾಗ್ಲು ತೆಕ್ಕೊಂಡ್ ಕೂತಂಗೆ! ಇನ್ಮೇಲೆ ಕೆಲ್ಸ ಆದ್ಮೇಲೆ ಆರಿಸ್ದೆ ಇದ್ರೆ ಕಡ್ಡೀನೇ ಮುರಿದ್ಹಾಕ್ತೀನಿ."

ಮೊಮ್ಮಗಳಿಗೆ ಮರೆವು. ಬೆಳಿಗ್ಗೆ ಹಾಡು ಹಾಕಿಕೊಂಡು ಓಡಿಬಿಡುತ್ತಿದ್ದಳು. ಕಾಲೇಜಿನಿಂದ ಮನೆಯ ಫೋನಿಗೆ ಕರೆ ಮಾಡುತ್ತಿದ್ದಳು. "ಅಜ್ಜಿ, ಅಪ್ಪ ಅಂಗಡೀಂದ ಬರೋದ್ರೊಳಗೆ ಆರಿಸ್ಬುಡು, ನನ್ನಜ್ಜಿ ಅಲ್ವಾ." ಹೀಗೆ ಅದನ್ನು ಆರಿಸುವುದನ್ನು ಕಲಿತೆ. ಪರದೆಯ ಕೆಳಗೆ ಬಲಮೂಲೆಯಲ್ಲಿ ಗಂಟೆ ತೋರಿಸುವ ಜಾಗದ ಪಕ್ಕ ಒಂದು ನೀಲಿ ಚಿಹ್ನೆ. ಅದರ ನಡುವೆ ಬಿಳಿ ಅಕ್ಷರ ಇದ್ದರೆ ರೇಡಿಯೊ ಎದ್ದಿದೆ, ಕೆಂಪು ಇದ್ದರೆ ಮಲಗಿದೆ, ಹಸಿರಾದರೆ ಯಾವುದೋ ಫೋನಿನ ಜೊತೆ ಸೇರಿಕೊಂಡಿದೆ. ಮೌಸಿನ ಬಲಗುಂಡಿ ಒತ್ತಿದರೆ ಸಣ್ಣದೊಂದು ಪಟ್ಟಿ ಬಿಚ್ಚಿಕೊಳ್ಳುತ್ತದೆ, ಅದರಲ್ಲಿ ಕೊನೆಯದನ್ನು ಒತ್ತಬೇಕು. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಕನ್ನಡ. ಇಂಗ್ಲಿಷ್ ಅಕ್ಷರ ಓದಲಾರೆ. ಆದರೆ ಸೋಪಿನ ಪೊಟ್ಟಣವನ್ನು ಓದಿ ಗುರುತಿಸುತ್ತೇವೆಯೇ? ಆಕಾರ ನೋಡಿ ಗುರುತಿಸುತ್ತೇವೆ. ಹಾಗೆ.

ಆರಿಸಲು ಬಂದವಳಿಗೆ ಹೊತ್ತಿಸಲು ಬರಲು ಎಷ್ಟು ಹೊತ್ತು? ಮಗ ತನ್ನ ಹಳೇ ಫೋನು ನನಗೆ ಕೊಟ್ಟಿದ್ದ. ಅದಕ್ಕೆ ವಚನ ಹಾಕಿಕೊಡು ಎಂದರೆ ಮೊಮ್ಮಗಳು, "ನೀನೇ ಕಲ್ತ್ಕೋ ಅಜ್ಜಿ, ಅಷ್ಟು ಬರುತ್ತಲ್ಲ" ಎಂದು ಪಕ್ಕದಲ್ಲಿ ನಿಂತು ತೋರಿಸಿದಳು. ಹುಡುಕು ಎನ್ನುವ ಕಡೆ ಒತ್ತಿದರೆ ಕಂಪ್ಯೂಟರು ಸ್ವಲ್ಪ ಹೊತ್ತು ಯೋಚಿಸಿ, ಹತ್ತಿರದಲ್ಲಿರುವ ಫೋನುಗಳನ್ನೆಲ್ಲ ಒಂದರ ಕೆಳಗೊಂದು ತೋರಿಸುತ್ತದೆ. ನನ್ನ ಫೋನು ಬಂತು. ಎದುರುಗಡೆ ದರ್ಜಿಯ ಅಂಗಡಿಯದು ಬಂತು. ಇನ್ನೊಂದೂ ಬಂತು.

"ಇದು ಯಾರದೇ?"

ಮೊಮ್ಮಗಳು ನಕ್ಕಳು. "ಪಕ್ಕದ್ಮನೆ ದೊಡ್ಡಜ್ಜೀದು. ಅವ್ಳು ಹೆಸ್ರು ಹಾಕ್ಬುಟ್ಟಿದಾಳೆ ನೋಡು." ಅವಳು ಎಂದರೆ ವಾರಗಿತ್ತಿಯ ಮೊಮ್ಮಗಳು. ಆ ಹುಡುಗಿಯೂ ನಮ್ಮ ಹುಡುಗಿಯೂ ಒಂದೇ ಕಾಲೇಜು, ಹೆಗಲ ಮೇಲೆ ಕೈ ಹಾಕಿಕೊಂಡು ಓಡಾಡುವವರು. ಗೋಡೆ ನಮಗೆ, ಮಕ್ಕಳಿಗಲ್ಲ.

ಫೋನಿಗೆ ಹಾಕಿದ್ದ ಹೆಸರು ವಾರಗಿತ್ತಿಯನ್ನು ಅವಳ ತವರಿನಲ್ಲಿ ಕರೆಯುತ್ತಿದ್ದ ಮುದ್ದಿನ ಹೆಸರು. ಇಲ್ಲಿ ಬರೆಯುವುದಿಲ್ಲ. ಅವಳು ಹೊಸದಾಗಿ ಬಂದಾಗ ನನಗೊಬ್ಬಳಿಗೆ ಹೇಳಿದ್ದಳು. ಅದನ್ನು ಇಂಗ್ಲಿಷಿನಲ್ಲಿ ಬರೆದರೆ ಹೀಗಿರುತ್ತದೆ ಎಂದು ಅವತ್ತು ಕಂಡೆ. ಆಕಾರ ಮನಸ್ಸಿನಲ್ಲಿ ಕುಳಿತಿತು.

ಮಾರನೆಯ ದಿನ ಎಲ್ಲರೂ ಹೋದ ಮೇಲೆ ಹೊದಿಕೆ ತೆಗೆದೆ. ಕೆಂಪನ್ನು ಬಿಳಿ ಮಾಡಿದೆ. ಹುಡುಕು ಅಂದೆ. ಇದ್ದಳು.

ಆಮೇಲೆ ಅದು ದಿನದ ಕೆಲಸವಾಯಿತು. ಸ್ನಾನ, ವಿಭೂತಿ, ಲಿಂಗಪೂಜೆ, ಆಮೇಲೆ ಕಂಪ್ಯೂಟರು. ಕೆಲವು ದಿನ ಕಾಣುತ್ತಿರಲಿಲ್ಲ, ಕೆಲವು ದಿನ ಕಾಣುತ್ತಿದ್ದಳು. ಆ ಕಡ್ಡಿಯ ರೇಡಿಯೊ ದೂರ ಹೋಗುವುದಿಲ್ಲ, ಮನೆಯ ಈ ತುದಿಯಿಂದ ಆ ತುದಿಯಷ್ಟೇ ಎಂದು ಮೊಮ್ಮಗಳು ಹೇಳಿದ್ದಳು. ಹಾಗಾಗಿ ಲೆಕ್ಕ ಹಾಕುತ್ತಿದ್ದೆ. ಕಾಣದಿದ್ದರೆ ಹಿತ್ತಲಿನಲ್ಲಿ ಬಟ್ಟೆ ಹಾಕುತ್ತಿದ್ದಾಳೆ, ಇಲ್ಲವೇ ಮಠಕ್ಕೆ ಹೋಗಿದ್ದಾಳೆ. ಕಂಡರೆ ಅಡುಗೆಮನೆಯಲ್ಲಿದ್ದಾಳೆ, ಅದು ಗೋಡೆಗೆ ಒತ್ತಿದಂತೆ ಇರುವ ಜಾಗ. ಮಧ್ಯಾಹ್ನ ಅವಳ ಹೆಸರು ಬಂದ ಮೇಲೆ ನಾನು ತಟ್ಟೆಗೆ ಮುದ್ದೆ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಬಂದು ಕುಳಿತು ಉಣ್ಣುತ್ತಿದ್ದೆ. ಬಾರದಿದ್ದರೆ ಕಾಯುತ್ತಿದ್ದೆ. ಮುದ್ದೆ ಆರಿದರೂ ಚಿಂತೆಯಿಲ್ಲ. ಗಂಡ ಹೋದ ಮೇಲೆ ಮಧ್ಯಾಹ್ನದ ಊಟ ನನಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಈಗ ಇಳಿಯಿತು. ಊಟ ಮುಗಿಸಿ, ಕೆಂಪು ಮಾಡಿ, ಹೊದಿಕೆ ಹಾಕಿ, ತಟ್ಟೆ ತೊಳೆಯುತ್ತಿದ್ದೆ. ನನ್ನನ್ನು ಸೊಸೆಯಾಗಿ ಕಂಡವರಲ್ಲಿ, ನನ್ನ ಅತ್ತೆಯ ಬೈಗುಳ ಕೇಳಿದವರಲ್ಲಿ, ಜಗತ್ತಿನಲ್ಲಿ ಉಳಿದಿದ್ದವಳು ಅವಳೊಬ್ಬಳೇ. ಮಾತಿಲ್ಲದಿದ್ದರೆ ಹೋಗಲಿ, ಗೋಡೆಯ ಆಚೆ ಇದ್ದಾಳೆ ಎನ್ನುವಷ್ಟು ಸಾಕಿತ್ತು.

ಒಮ್ಮೆ ಮಗ ಬೇಗ ಬಂದು ನೋಡಿಬಿಟ್ಟ.

"ಏನಮ್ಮ, ಕಂಪ್ಯೂಟರ್ ಮುಂದೆ ಊಟ?"

"ನಿನ್ ಮಗ್ಳು ಆರಿಸೋದು ಮರ್ತಿದ್ಲು. ಆರಿಸ್ತಾ ಇದೀನಿ."

"ಆರಿಸೋಕೆ ಮುದ್ದೆ ಬೇಕಾ?"

"ಹಸಿದ್ರೆ ಬೇಕು" ಎಂದೆ. ಅವನು ತಲೆ ಕೆರೆದುಕೊಂಡು ಒಳಗೆ ಹೋದ.

ಆಷಾಢದ ಗಾಳಿ ಶುರುವಾದ ದಿನಗಳಲ್ಲಿ ಒಂದು ದಿನ ಅವಳ ಹೆಸರು ಬರಲಿಲ್ಲ. ದರ್ಜಿಯದು ಬಂತು, ನನ್ನದು ಬಂತು. ಮತ್ತೆ ಹುಡುಕಿಸಿದೆ. ಮಾರನೆಯ ದಿನವೂ ಇಲ್ಲ. ಅದರ ಮಾರನೆಯ ದಿನವೂ ಇಲ್ಲ. ಕಾಯಿಲೆಯೇನೋ ಎಂದುಕೊಂಡೆ. ಗೋಡೆಗೆ ಕಿವಿ ಕೊಟ್ಟರೆ ಆ ಕಡೆ ಪಾತ್ರೆಯ ಸದ್ದು ಎಂದಿನಂತೆ, ಸೊಸೆ ಯಾರನ್ನೋ ಗದರಿಸುವುದು ಎಂದಿನಂತೆ. ಕಾಯಿಲೆಯ ಮನೆಯ ಹಾಗಿರಲಿಲ್ಲ. ಮಠದಿಂದ ಬರುವಾಗ ಬೀದಿಯಲ್ಲಿ ಒಮ್ಮೆ ಅವಳನ್ನೇ ಕಂಡೆ, ಜಗಲಿಯ ಮೇಲೆ ನಿಂತು ಹೂವಿನವಳ ಹತ್ತಿರ ಹೂವು ಕೊಳ್ಳುತ್ತಿದ್ದಳು. ಗಟ್ಟಿಯಾಗಿದ್ದಾಳೆ. ಹಾಗಾದರೆ ಕಂಪ್ಯೂಟರಿನಲ್ಲಿ ಯಾಕಿಲ್ಲ?

ಮೊಮ್ಮಗಳನ್ನು ಸುತ್ತಿಬಳಸಿ ಕೇಳಿದೆ.

"ಪಟ್ಟೀಲಿ ಬರ್ತಿದ್ದ ಫೋನು ಇದ್ದಕ್ಕಿದ್ದಂಗೆ ಬರ್ದೇ ಇರೋದು ಹೆಂಗೆ?"

"ಯಾರ ಫೋನಜ್ಜಿ?"

"ಯಾರ್ದೋ. ದರ್ಜೀದು."

"ಹೈಡ್ ಮಾಡಿರ್ತಾರೆ. ಫೋನು ಇರುತ್ತೆ, ಬ್ಲೂಟೂತೂ ಆನೇ ಇರುತ್ತೆ, ಹುಡುಕ್ದೋರಿಗೆ ಕಾಣ್ಸಲ್ಲ ಅಷ್ಟೆ."

"ತಾನಾಗೇ ಆಗುತ್ತಾ ಅದು?"

"ತಾನಾಗೇ ಹೆಂಗಾಗುತ್ತೆ? ಬೇಕೂಂತಾನೇ ಮಾಡ್ಬೇಕು."

ಬೇಕೆಂದೇ. ಅಷ್ಟು ಕೇಳಿದ ಮೇಲೆ ನನಗೆ ಇನ್ನೇನೂ ಬೇಕಾಗಲಿಲ್ಲ. ನಾನು ದಿನಾ ಹುಡುಕುವುದು ಅವಳ ಫೋನಿನಲ್ಲಿ ಹೇಗೋ ಗೊತ್ತಾಗಿದೆ. ಯಾರೋ ಹಣಕುತ್ತಾರೆ ಎಂದು ಸೆರಗು ಎಳೆದುಕೊಂಡ ಹಾಗೆ ಎಳೆದುಕೊಂಡಿದ್ದಾಳೆ. ಹೀಗೆ ತೀರ್ಮಾನ ಮಾಡಿದೆ. ಆ ದಿನಗಳಲ್ಲೇ ಗೋಡೆಯ ಆಚೆ ರೇಡಿಯೊ ಸದ್ದೂ ನಿಂತಿತು. ಅದನ್ನೂ ಇದರ ಲೆಕ್ಕಕ್ಕೇ ಸೇರಿಸಿದೆ. ತನ್ನ ಸದ್ದು ಕೂಡ ನನಗೆ ಸಿಗಬಾರದಂತೆ.

"ನಮ್ಮ ಕಂಪ್ಯೂಟರನ್ನೂ ಯಾರಿಗೂ ಕಾಣ್ದಂಗೆ ಮಾಡು" ಎಂದೆ ಮೊಮ್ಮಗಳಿಗೆ.

"ಯಾಕಜ್ಜಿ, ಏನಾಯ್ತು?"

"ಅವ್ರಿಗಿದ್ರೆ ನಮಗೂ ಇರ್ಲಿ."

"ಯಾರಿಗೆ?"

"ಮಾಡೇ ಅಂದ್ರೆ."

ಮಾಡಿದಳು. ನಾನು ಕಡ್ಡಿಯ ಹತ್ತಿರ ಹೋಗುವುದನ್ನೇ ಬಿಟ್ಟೆ. ಶ್ರಾವಣ ಹೋಯಿತು. ಗೌರಿಹಬ್ಬಕ್ಕೆ ಆ ಮನೆಯ ಹೆಣ್ಣುಮಕ್ಕಳು ತವರಿಗೆ ಬಂದು ಹೋದರು, ನಮ್ಮ ಮನೆಯ ಮುಂದೆಯೇ ಹಾದುಹೋದರು. ಆಯುಧಪೂಜೆಗೆ ಸೊಸೆ ಕಂಪ್ಯೂಟರಿಗೆ ವಿಭೂತಿ ಬಳಿದು ಹೂವು ಮುಡಿಸಿದಳು. ಚಿಹ್ನೆ ಕೆಂಪಾಗಿಯೇ ಇತ್ತು. ಮಧ್ಯಾಹ್ನ ಅಡುಗೆಮನೆಯಲ್ಲಿ ನಿಂತುಕೊಂಡೇ ಎರಡು ತುತ್ತು ತಿಂದು ಮುಗಿಸುತ್ತಿದ್ದೆ. ಸೊಸೆ ಒಮ್ಮೆ, "ಅತ್ತೆ, ಇಳಿದುಹೋಗಿದ್ದೀರ, ಡಾಕ್ಟ್ರತ್ರ ಹೋಗಣ" ಎಂದಳು. ಡಾಕ್ಟರಿಗೆ ಏನೆಂದು ಹೇಳುವುದು? ಕಂಪ್ಯೂಟರಿನಲ್ಲಿ ಒಂದು ಹೆಸರು ಬರುತ್ತಿಲ್ಲ ಎಂದೇ? "ವಯಸ್ಸಾಯ್ತು, ಇಳಿಯುತ್ತೆ" ಎಂದೆ.

ಅವರೆಕಾಯಿ ಬಂತು. ಒಂದು ಭಾನುವಾರದ ಸಂಜೆ ನಾನು ನಡುಮನೆಯಲ್ಲಿ ಚಾಪೆ ಹಾಸಿ ಅವರೆಕಾಯಿ ಬಿಡಿಸುತ್ತಿದ್ದೆ. ಕೈಯೆಲ್ಲ ಸೊಗಡು. ಮೊಮ್ಮಗಳು ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಪಕ್ಕದ ಮನೆಯ ಹುಡುಗಿಯೂ ಬಂದು ಅವಳ ಕುರ್ಚಿಗೆ ಒರಗಿ ನಿಂತಿದ್ದಳು. ಹಾಡು ಹಾಕಿಸಿಕೊಳ್ಳಲು ಬಂದದ್ದು. ಕಣ್ಣೆತ್ತಿ ನೋಡಿದೆ, ಪರದೆಯ ಮೇಲೆ ಆ ಹೆಸರು.

ಬಂದಳು ಎನ್ನಿಸಿತು. ಆರು ತಿಂಗಳಾದ ಮೇಲೆ ಮುಸುಕು ತೆಗೆದಳು ಎಂದು ಗೋಡೆಯ ಕಡೆ ನೋಡಿದೆ. ಆಮೇಲೆ ಆ ಹುಡುಗಿಯ ಕೈ ನೋಡಿದೆ. ಫೋನು ಅವಳ ಕೈಯಲ್ಲಿತ್ತು.

"ಅದು ನಿಮ್ಮಜ್ಜಿ ಫೋನಲ್ವೇನೇ?"

"ಹೂಂ ಚಿಕ್ಕಜ್ಜಿ. ಹೆಸ್ರಿಗಷ್ಟೇ ಅವ್ರದು. ನಾನೇ ಇಟ್ಕೊಂಡಿದೀನಿ."

"ಮತ್ತೆ ಅವ್ಳು ಅದನ್ನ ಕಾಣ್ದಂಗೆ ಯಾಕ್ ಮಾಡಿದ್ಲು?"

"ಅವ್ರಿಗೆ ಅದೆಲ್ಲ ಎಲ್ಲಿ ಬರುತ್ತೆ! ನಾನೇ ಮಾಡಿದ್ದು. ಬೀದಿ ಹುಡುಗ್ರು ಏನೇನೋ ಫೋಟೊ ಕಳಿಸ್ತಿದ್ರು. ಈಗ ಹಾಡು ಬರ್ಲಿ ಅಂತ ತೆಗೆದೆ." ಅವಳು ಫೋನಿನ ಮೇಲಿಂದ ಕಣ್ಣು ತೆಗೆಯದೇ ಹೇಳಿದಳು. "ಅಜ್ಜಿ ಇದನ್ನ ಮುಟ್ಟೋದೇ ಇಲ್ಲ. ಕಿವಿ ಕೇಳ್ಸಿದ್ರೆ ತಾನೇ ಫೋನು."

"ಕಿವಿ ಕೇಳ್ಸಲ್ವಾ?"

"ನಿಮಗ್ ಗೊತ್ತಿಲ್ವಾ? ಮೊದ್ಲು ರೇಡಿಯೊ ಜೋರಾಗಿಟ್ಕೊಂಡು ಕೇಳೋರು, ಅಪ್ಪ ಬೈಯೋರು. ಮಳೆಗಾಲದಿಂದ ಅದೂ ಇಲ್ಲ. ಹತ್ರ ಕೂತು ಕೂಗಿದ್ರೆ ಸ್ವಲ್ಪ ಕೇಳುತ್ತೆ. ಡಾಕ್ಟ್ರು ಹೇಳಿದಾರೆ, ಬರ್ತಾ ಬರ್ತಾ ಅದೂ ಹೋಗುತ್ತಂತೆ."

"ನೀನು ಮನೇಲಿಲ್ದಾಗ ಫೋನು ಎಲ್ಲಿರುತ್ತೆ?"

"ಕಾಲೇಜಿಗೆ ತಗೊಂಡ್ಹೋಗ್ತೀನಿ. ಮರ್ತ್ರೆ ಅಡಿಗೆಮನೆ ಗೂಡಲ್ಲಿರುತ್ತೆ. ಯಾಕ್ ಚಿಕ್ಕಜ್ಜಿ?"

"ಸುಮ್ನೆ."

ನಮ್ಮ ಹುಡುಗಿ, "ಹೋಯ್ತು ನೋಡೇ, ಗ್ರೀನ್ ಆಯ್ತು" ಎಂದಳು. ಇಬ್ಬರೂ ತಲೆಗೆ ತಲೆ ಕೊಟ್ಟು ಹಾಡು ಕೇಳತೊಡಗಿದರು.

ನಾನು ಕಾಯಿ ಬಿಡಿಸುತ್ತಲೇ ಯೋಚಿಸಿದೆ. ಅವಳು ಹಿತ್ತಲಿಗೆ ಹೋಗಿದ್ದಾಳೆ ಎಂದು ನಾನು ಲೆಕ್ಕ ಹಾಕಿದ ದಿನಗಳಲ್ಲಿ ಈ ಹುಡುಗಿ ಫೋನು ಹಿಡಿದು ಕಾಲೇಜಿನಲ್ಲಿದ್ದಳು. ಅಡುಗೆಮನೆಯಲ್ಲಿದ್ದಾಳೆ ಎಂದು ನಾನು ಮುದ್ದೆ ಹಾಕಿಕೊಂಡು ಕುಳಿತ ದಿನಗಳಲ್ಲಿ ಫೋನು ಗೂಡಿನಲ್ಲಿತ್ತು. ಅವಳು ಎಲ್ಲಿದ್ದಳೋ ದೇವರಿಗೇ ಗೊತ್ತು. ಅಷ್ಟು ದಿನ ನಾನು ಜೊತೆಗೆ ಕುಳಿತು ಉಂಡದ್ದು ಗೋಡೆಯಲ್ಲಿನ ಒಂದು ಗೂಡಿನ ಜೊತೆ. ಮುನಿಸಿಕೊಂಡದ್ದೂ ಗೂಡಿನ ಮೇಲೆಯೇ. ಅವಳಿಗೆ ನನ್ನ ಮುನಿಸೂ ಗೊತ್ತಿಲ್ಲ, ಊಟವೂ ಗೊತ್ತಿಲ್ಲ. ನಗು ಬಂತು, ಆದರೆ ನಗಲಿಲ್ಲ. ಮೊದಲು ಮಾತಾಡಬೇಕಾದವರು ಯಾರು ಎಂದು ಇಬ್ಬರೂ ಇಷ್ಟು ವರ್ಷ ಕಾದೆವು, ಈಗ ಅವಳು ಮಾತಾಡಿಸಿದರೆ ನನಗೆ ಕೇಳುತ್ತದೆ, ನಾನು ಮಾತಾಡಿಸಿದರೆ ಅವಳಿಗೆ ಅರ್ಧ ಕೇಳುತ್ತದೆ. ಇನ್ನಷ್ಟು ದಿನ ಹೋದರೆ ಆ ಅರ್ಧವೂ ಇಲ್ಲ.

ಸೊಸೆ ಬಂದು, "ಕಾಳು ಸಾರಿಗೆ ಹಾಕ್ಲಾ ಅತ್ತೆ?" ಎಂದಳು.

"ಬೇಡ. ನೆನೆಹಾಕ್ತೀನಿ."

"ಹಿಚುಕ್ತೀರಾ? ನೀವು ಮಾಡಿದ್ದು ನಾನು ನೋಡೇ ಇಲ್ವಲ್ಲ."

"ನೋಡಿಲ್ಲ ನೀನು" ಎಂದು ದೊಡ್ಡ ತಪ್ಪಲೆಗೆ ನೀರು ಹೊಯ್ದೆ. ಮಲಗುವ ಮುಂಚೆ ಕಾಳು ಮುಳುಗಿದೆಯೇ ಎಂದು ಇನ್ನೊಮ್ಮೆ ಕೈಯಾಡಿಸಿದೆ.

ಮಾರನೆಯ ಬೆಳಿಗ್ಗೆ ಎಲ್ಲರೂ ಹೋದ ಮೇಲೆ ಕಂಪ್ಯೂಟರಿನ ಹೊದಿಕೆ ತೆಗೆಯಲಿಲ್ಲ. ತಪ್ಪಲೆ ಎತ್ತಿ ಸೊಂಟಕ್ಕಿಟ್ಟುಕೊಂಡು ಬೀದಿಗೆ ಇಳಿದೆ. ನಮ್ಮ ಬಾಗಿಲಿನಿಂದ ಅವರ ಬಾಗಿಲಿಗೆ ಜಗಲಿಯ ಅಗಲದಷ್ಟು ದೂರ. ಎದುರುಗಡೆ ದರ್ಜಿ ಮಿಷನ್ ತುಳಿಯುವುದನ್ನು ನಿಲ್ಲಿಸಿ ನೋಡಿದ. ನೋಡಲಿ. ನೀರು ತುಳುಕಿ ಸೀರೆ ನೆನೆಯಿತು.

ಬಾಗಿಲು ತೆರೆದೇ ಇತ್ತು. ನೇರವಾಗಿ ಅಡುಗೆಮನೆಗೆ ಹೋದೆ, ದಾರಿ ಗೊತ್ತಿದ್ದದ್ದೇ. ಅವಳ ಸೊಸೆ ಸೌಟು ಹಿಡಿದುಕೊಂಡು ನಿಂತೇಬಿಟ್ಟಳು. ವಾರಗಿತ್ತಿ ಗೋಡೆಗೆ ಒರಗಿ ಕಾಲು ಚಾಚಿಕೊಂಡು ಕುಳಿತಿದ್ದಳು. ನಾನು ಬಂದದ್ದು ಕೇಳಿಸಿರಲಿಲ್ಲ. ತಪ್ಪಲೆಯನ್ನು ಅವಳ ಎದುರಿಗೆ ಇಟ್ಟ ಮೇಲೆ ಕತ್ತೆತ್ತಿ ನನ್ನ ಮುಖ ನೋಡಿದಳು, ತಪ್ಪಲೆ ನೋಡಿದಳು. ಕಾಲು ಮಡಿಸಿಕೊಂಡು ಜಾಗ ಮಾಡಿದಳು. ನೀರಿಗೆ ಕೈ ಹಾಕಿ ಒಂದು ಕಾಳು ತೆಗೆದು ಹಿಚುಕಿದಳು. ಸಿಪ್ಪೆ ಅರ್ಧ ಬಿಟ್ಟು ಅರ್ಧ ಅಂಟಿಕೊಂಡಿತು.

"ಸರಿಯಾಗಿ ನೆಂದಿಲ್ಲ ಕಣಕ್ಕ" ಎಂದು, ಕಿವಿ ಕೇಳದವರು ಕೂಗುವ ಹಾಗೆ, ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಬಿಸಿನೀರು ಹಾಕ್ಬಾರ್ದಾ? ಮರ್ತೇ ಹೋಯ್ತಾ ನಿಂಗೆ?"

"ನಿಮ್ಮನೇಲಿ ಬಿಸಿನೀರಿಲ್ವಾ? ಹಾಕಿಸು" ಎಂದು ನಾನೂ ಕೂಗಿದೆ.

ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಸೊಸೆಗೆ ಕೇಳಿಸಿತು, ಸೌಟು ಕೆಳಗಿಟ್ಟು ನೀರು ಕಾಯಿಸಲು ಇಟ್ಟಳು. ನಾನು ಸೆರಗು ಸಿಕ್ಕಿಸಿಕೊಂಡು ತಪ್ಪಲೆಯ ಈ ಕಡೆ ಕುಳಿತೆ. ಬಿಸಿನೀರು ಬರುವಷ್ಟರಲ್ಲಿ ನೆಂದ ಕಾಳನ್ನು ಆರಿಸಿ ಆರಿಸಿ ಹಿಚುಕತೊಡಗಿದೆ.